ಮುಂಬಯಿಯಿಂದ ನ್ಯೂಯಾರ್ಕ್ ಎಷ್ಟು ಗಂಟೆ ದಾರಿ? ಮನೆಯಲ್ಲೇ ಕೂತು ಲೆಕ್ಕ ಹಾಕುವ ಕ್ರಮ

ಮಾಟುಂಗಾದಲ್ಲಿ ಕನ್ನಡದ ಕಾರ್ಯಕ್ರಮವೊಂದು ಮುಗಿದು ಕಾಫಿಯ ಲೋಟ ಕೈಗೆ ಬಂದಾಗ, ನಮ್ಮ ವಯಸ್ಸಿನವರ ಮಾತು ಬಹುಬೇಗ ನ್ಯೂಜೆರ್ಸಿಗೋ ಲಂಡನ್ನಿಗೋ ಹೋಗಿ ನಿಲ್ಲುತ್ತದೆ. ಮಗಳ ಬಾಣಂತನ, ಮಗನ ಗೃಹಪ್ರವೇಶ, ಮೊಮ್ಮಗನ ನಾಮಕರಣ, ಹೀಗೆ ಕಾರಣ ಏನೇ ಇರಲಿ, ಮೊದಲ ಸಲ ಹೊರಟವರು ಕೇಳುವ ಪ್ರಶ್ನೆ ಮಾತ್ರ ಒಂದೇ: “ಎಷ್ಟು ಗಂಟೆ ದಾರಿ?” ಒಬ್ಬರು ಹದಿನಾಲ್ಕು ಎನ್ನುತ್ತಾರೆ, ಇನ್ನೊಬ್ಬರು ಹದಿನಾರು ಎನ್ನುತ್ತಾರೆ, ಮೂರನೆಯವರು ಇಪ್ಪತ್ತನಾಲ್ಕಕ್ಕೆ ಒಂದು ನಿಮಿಷವೂ ಕಡಿಮೆಯಿಲ್ಲ ಎಂದು ಪಟ್ಟು ಹಿಡಿಯುತ್ತಾರೆ. ಮೂವರದೂ ಸರಿಯೇ. ಮೊದಲನೆಯವರು ಹಿಂತಿರುಗುವ ಹಾರಾಟವನ್ನು ನೆನಪಿಟ್ಟುಕೊಂಡಿದ್ದಾರೆ, ಎರಡನೆಯವರು ಹೋಗುವಾಗಿನದನ್ನು. ಮೂರನೆಯವರು ಡೊಂಬಿವಿಲಿಯ ಮನೆಗೆ ಬೀಗ ಹಾಕಿದ ಗಳಿಗೆಯಿಂದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಮಗಳ ಮನೆಯಲ್ಲಿ ಕಾಲು ಚಾಚಿ ಕುಳಿತ ಗಳಿಗೆಯವರೆಗೆ ಎಣಿಸಿದ್ದಾರೆ.

ಮೊಬೈಲಿನಲ್ಲಿ ಎರಡು ಊರುಗಳ ಹೆಸರು ಒತ್ತಿದರೆ ಒಂದು ದೂರ, ಒಂದು ಸಮಯ ತಟ್ಟನೆ ಕಾಣುತ್ತದೆ, ನಿಜ. ಆದರೆ ಆ ಸಂಖ್ಯೆ ಯಾವುದನ್ನು ಎಣಿಸಿದೆ, ಯಾವುದನ್ನು ಬಿಟ್ಟಿದೆ ಎಂದು ತಿಳಿಯದಿದ್ದರೆ ಟಿಕೆಟಿನ ಮೇಲಿನ ಸಮಯಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಒಂದು ಕಾಗದ, ಒಂದು ಗ್ಲೋಬು, ಒಂದು ದಾರದ ತುಂಡು ಇಟ್ಟುಕೊಂಡರೆ ಈ ಲೆಕ್ಕವನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಬಹುದು. ಉದಾಹರಣೆಗೆ ಮುಂಬಯಿಯಿಂದ ನ್ಯೂಯಾರ್ಕಿಗೆ ಹೋಗುವ ದಾರಿಯನ್ನೇ ಹಿಡಿಯೋಣ, ನಡುನಡುವೆ ಲಂಡನ್ನನ್ನೂ ಜೊತೆಗೆ ಇಟ್ಟುಕೊಳ್ಳೋಣ.

ಹೆಜ್ಜೆ 1: ಊರಿನ ಹೆಸರಲ್ಲ, ನಿಲ್ದಾಣದ ಹೆಸರು ಬರೆಯಿರಿ

ವಿಮಾನ ಹೊರಡುವುದು ಊರಿನಿಂದಲ್ಲ, ನಿಲ್ದಾಣದಿಂದ. ಮುಂಬಯಿ ಎಂದರೆ ನಮಗೆ ಇಷ್ಟು ದಿನ ಸಾಂತಾಕ್ರೂಜ್ ಮತ್ತು ಸಹಾರ್ ಮಾತ್ರವಾಗಿತ್ತು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಟಿಕೆಟಿನಲ್ಲಿ ಬಿಒಎಂ (ಹಳೆಯ ನಿಲ್ದಾಣದ ಸಂಕೇತ) ಎಂದಿದೆಯೋ ಎನ್‌ಎಂಐ (ನವಿ ಮುಂಬಯಿಯದು) ಎಂದಿದೆಯೋ ಎಂಬುದನ್ನು ನೋಡಿಕೊಳ್ಳಲೇಬೇಕು. ಬಿಒಎಂ ಎಂದಿದ್ದರೂ ಕೆಲಸ ಮುಗಿಯಲಿಲ್ಲ. ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್ಲಿನಲ್ಲಿ ದೇಶದೊಳಗಿನ ವಿಮಾನಗಳಷ್ಟೇ ಇದ್ದು, ವಿದೇಶದ ವಿಮಾನಗಳೆಲ್ಲ ಸಹಾರ್ ಕಡೆಯ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತವೆ. ಎರಡೂ ಟರ್ಮಿನಲ್ಲುಗಳು ಬಳಸುವ ರನ್‌ವೇಗಳು ಅವೇ ಆದರೂ ಇವೆರಡರ ನಡುವೆ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ಇದೆ, ಸಂಜೆಯ ಹೊತ್ತಿನಲ್ಲಿ ಅದೇ ಒಂದು ಪ್ರಯಾಣ.

ಆ ತುದಿಯಲ್ಲೂ ಇದೇ ಕಥೆ. ನ್ಯೂಯಾರ್ಕ್ ಎಂದು ಬುಕ್ ಮಾಡಿದವರು ಕ್ವೀನ್ಸ್‌ನಲ್ಲಿರುವ ಕೆನಡಿ ನಿಲ್ದಾಣದಲ್ಲಿ ಇಳಿಯಬಹುದು, ಇಲ್ಲವೇ ಪಕ್ಕದ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕಿನಲ್ಲಿ ಇಳಿಯಬಹುದು. ಹಾರುವ ದೂರದಲ್ಲಿ ಇವೆರಡರ ವ್ಯತ್ಯಾಸ ನಗಣ್ಯ. ಎಡಿಸನ್ನಿನಲ್ಲಿರುವ ಮಗಳಿಗೆ ಮಾತ್ರ ಒಂದು ಹತ್ತಿರ, ಇನ್ನೊಂದಕ್ಕೆ ನಗರವನ್ನೇ ಹಾಯ್ದು ಬರಬೇಕು. ಗೋವಾದಲ್ಲಿರುವ ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2023ರ ಜನವರಿಯಿಂದ ಅಲ್ಲಿಯೂ ದಾಬೋಲಿಂ ಮತ್ತು ಮೋಪಾ ಎಂದು ಎರಡು ನಿಲ್ದಾಣಗಳಾಗಿವೆ; ವಾಸ್ಕೋದಲ್ಲಿ ಮನೆಯಿರುವವರಿಗೆ ದಾಬೋಲಿಂ ಹಿತ್ತಲಿದ್ದಂತೆ, ಆದರೆ ಟಿಕೆಟಿನಲ್ಲಿ ಜಿಒಎಕ್ಸ್ ಎಂದಿದ್ದರೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮೋಪಾಕ್ಕೆ ಹೋಗಬೇಕು. ಪುಣೆಯವರು ಅಮೆರಿಕದ ಪ್ರಯಾಣಕ್ಕೆ ರಸ್ತೆಯಲ್ಲಿ ಸುಮಾರು 150 ಕಿ.ಮೀ. ಕ್ರಮಿಸಿ ಸಹಾರ್‌ಗೆ ಬರುವುದೇ ರೂಢಿಯಾದ್ದರಿಂದ, ಅವರ ಲೆಕ್ಕ ಘಾಟ್ ರಸ್ತೆಯಿಂದಲೇ ಆರಂಭವಾಗುತ್ತದೆ.

ಹೆಜ್ಜೆ 2: ಗ್ಲೋಬಿನ ಮೇಲೆ ದಾರ ಎಳೆಯಿರಿ

ಗೋಡೆಯ ಮೇಲಿನ ಭೂಪಟದಲ್ಲಿ ಮುಂಬಯಿಯಿಂದ ನ್ಯೂಯಾರ್ಕಿಗೆ ಸ್ಕೇಲು ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಅರೇಬಿಯಾ, ಉತ್ತರ ಆಫ್ರಿಕಾಗಳನ್ನು ಹಾಯ್ದು ಅಟ್ಲಾಂಟಿಕ್ ದಾಟುತ್ತದೆ. ನೋಡಲು ನೇರವಾಗಿರುವ ಈ ಗೆರೆ ನಿಜದಲ್ಲಿ ಬಳಸು ದಾರಿ. ಗೋಳವಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹರಡುವಾಗ ಧ್ರುವಗಳ ಕಡೆಯ ಪ್ರದೇಶಗಳು ರಬ್ಬರಿನಂತೆ ಎಳೆದುಕೊಳ್ಳುವುದರಿಂದ ಕಣ್ಣಿಗೆ ಈ ಮೋಸವಾಗುತ್ತದೆ. ಗ್ಲೋಬಿನ ಮೇಲೆ ಒಂದು ದಾರದ ತುದಿಯನ್ನು ಮುಂಬಯಿಯಲ್ಲಿ, ಇನ್ನೊಂದನ್ನು ನ್ಯೂಯಾರ್ಕಿನಲ್ಲಿ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಗೆ ಜರುಗಿ ನಿಲ್ಲುತ್ತದೆ. ಇದನ್ನೇ ಮಹಾವೃತ್ತದ ದೂರ ಎನ್ನುತ್ತಾರೆ.

ಆ ದಾರ ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಮಕ್ಕಳ ಜೊತೆ ಕುಳಿತು ನೋಡಬೇಕು. ಮುಂಬಯಿಯಿಂದ ಪಶ್ಚಿಮಕ್ಕಲ್ಲ, ಬಹುಪಾಲು ಉತ್ತರಕ್ಕೆ ಹೊರಟು ಸಿಂಧ್ ಪ್ರಾಂತ, ಕಂದಹಾರ್ ಸೀಮೆ, ತುರ್ಕಮೇನಿಸ್ತಾನಗಳನ್ನು ದಾಟಿ ಮಾಸ್ಕೋದ ನೆತ್ತಿಯ ಹತ್ತಿರ ಬರುತ್ತದೆ. ಅಲ್ಲಿಂದ ಫಿನ್ಲೆಂಡಿನ ದಕ್ಷಿಣ, ನಾರ್ವೆ, ಐಸ್‌ಲ್ಯಾಂಡ್ ಹಾದು, ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯನ್ನು ಸವರಿಕೊಂಡು, ಕೆನಡಾದ ಪೂರ್ವ ಭಾಗದ ಮೇಲಿಂದ ನ್ಯೂಯಾರ್ಕಿಗೆ ಇಳಿಯುತ್ತದೆ. ಅಮೆರಿಕಕ್ಕೆ ಹೋಗಲು ಐಸ್‌ಲ್ಯಾಂಡಿನ ಮೇಲೆ ಹಾರಬೇಕೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ, ನಾನೂ ದಾರ ಎಳೆದ ಮೇಲೆಯೇ ನಂಬಿದ್ದು.

ಶಾಲೆಯ ತ್ರಿಕೋನಮಿತಿ ನೆನಪಿರುವವರು ಕ್ಯಾಲ್ಕುಲೇಟರಿನಲ್ಲೂ ಇದನ್ನು ಮಾಡಬಹುದು. ಎರಡೂ ನಿಲ್ದಾಣಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಬರೆಯಿರಿ. ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ಅಂತರದ ಕೊಸೈನ್‌ನಿಂದ ಮತ್ತೆ ಗುಣಿಸಿ ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕೂಡಿಸಿ ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆದರೆ ಕೋನ ಡಿಗ್ರಿಗಳಲ್ಲಿ ಸಿಗುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಆದ್ದರಿಂದ ಪ್ರತಿ ಡಿಗ್ರಿಗೂ ನೆಲದ ಮೇಲೆ ಸುಮಾರು 111.2 ಕಿ.ಮೀ. ಆಗುತ್ತದೆ. ಮುಂಬಯಿ ನಿಲ್ದಾಣ ಉತ್ತರಕ್ಕೆ 19.09, ಪೂರ್ವಕ್ಕೆ 72.87 ಡಿಗ್ರಿಯಲ್ಲಿದೆ, ಲಂಡನ್ನಿನ ಹೀಥ್ರೂ ಉತ್ತರಕ್ಕೆ 51.47, ಪಶ್ಚಿಮಕ್ಕೆ 0.45ರಲ್ಲಿದೆ. ಒಂದು ಪೂರ್ವ, ಒಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು, ಅಂತರ 73.32. ಲೆಕ್ಕ ಮುಗಿದಾಗ ಸುಮಾರು 64.9 ಡಿಗ್ರಿ, ಅಂದರೆ ಹತ್ತಿರ ಹತ್ತಿರ 7,200 ಕಿ.ಮೀ. ಬರುತ್ತದೆ. ಕೆನಡಿ ನಿಲ್ದಾಣಕ್ಕೆ ಇದೇ ಲೆಕ್ಕ ಮಾಡಿದರೆ ಸುಮಾರು 12,530 ಕಿ.ಮೀ., ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,500 ಕಿ.ಮೀ. ವಿಮಾನದ ಪರದೆಯ ಮೇಲೆ ಕೆಲವೊಮ್ಮೆ ದೂರ ನಾಟಿಕಲ್ ಮೈಲಿಗಳಲ್ಲಿ ಕಾಣುತ್ತದೆ, ಆಗ 1.852ರಿಂದ ಗುಣಿಸಿಕೊಳ್ಳಿ.

ಹೆಜ್ಜೆ 3: ಆಕಾಶದ ಸುತ್ತು ಸೇರಿಸಿ

ದಾರ ತೋರಿಸಿದ ದಾರಿಯಲ್ಲಿ ವಿಮಾನ ಹೋಗಲು ಸಾಧ್ಯವೇ ಎಂಬುದು ಬೇರೆ ಪ್ರಶ್ನೆ. ಮೇಲೆ ಹೇಳಿದ ಹೆಸರುಗಳನ್ನೇ ಮತ್ತೊಮ್ಮೆ ಓದಿದರೆ ಉತ್ತರ ಹೊಳೆಯುತ್ತದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು; 2019ರಲ್ಲೂ ಫೆಬ್ರವರಿಯಿಂದ ಜುಲೈವರೆಗೆ ಹೀಗೇ ಆಗಿತ್ತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದ ನಂತರ ಅಫ್ಘಾನಿಸ್ತಾನದ ಮೇಲೆ ಹಾರಲು ಅನೇಕ ಸಂಸ್ಥೆಗಳು ಹಿಂದೆಗೆದವು. 2022ರಿಂದ ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶವಿಲ್ಲ. ಹೀಗಾಗಿ ಒಂದೇ ಊರಿಗೆ ಒಂದೇ ದಿನ ಹೊರಡುವ ಎರಡು ಸಂಸ್ಥೆಗಳ ವಿಮಾನಗಳು ಬೇರೆ ಬೇರೆ ದಾರಿ ಹಿಡಿಯಬಹುದು, ಅವುಗಳ ಸಮಯದಲ್ಲಿ ಅರ್ಧ ಮುಕ್ಕಾಲು ಗಂಟೆಯ ವ್ಯತ್ಯಾಸವಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ವಿಷಯದಲ್ಲಿ ದೆಹಲಿಯವರಿಗಿಂತ ನಾವು ಸ್ವಲ್ಪ ಅದೃಷ್ಟವಂತರು. ಮುಂಬಯಿಯಿಂದ ಎದ್ದ ವಿಮಾನಕ್ಕೆ ಎದುರಿಗೇ ಅರಬ್ಬೀ ಸಮುದ್ರವಿದೆ. ಅದು ಸಮುದ್ರದ ಮೇಲೆ ಹೋಗಿ ಕೊಲ್ಲಿ ದೇಶಗಳ ಕಡೆಯಿಂದ ಯುರೋಪಿಗೆ ತಿರುಗಿಕೊಳ್ಳಬಹುದು. ದೆಹಲಿಯ ವಿಮಾನ ಮೊದಲು ದಕ್ಷಿಣಕ್ಕೆ ಇಳಿದು ಆಮೇಲೆ ಸಮುದ್ರ ಸೇರಬೇಕು. ನನ್ನ ಕೈಲೆಕ್ಕಕ್ಕೆ ನಾನು ಮಹಾವೃತ್ತದ ದೂರಕ್ಕೆ ನೂರಕ್ಕೆ ಐದರಷ್ಟು ಸೇರಿಸುತ್ತೇನೆ, ಗಡಿಗಳ ಗದ್ದಲ ಜೋರಾಗಿದ್ದ ತಿಂಗಳಲ್ಲಿ ಎಂಟರಷ್ಟು. ಲಂಡನ್ನಿಗೆ 7,200 ಇದ್ದದ್ದು ಸುಮಾರು 7,560 ಆಗುತ್ತದೆ, ನ್ಯೂಯಾರ್ಕಿಗೆ 12,530 ಇದ್ದದ್ದು 13,150 ದಾಟುತ್ತದೆ.

ಹೆಜ್ಜೆ 4: ವೇಗದಿಂದ ಭಾಗಿಸಿ, ಗಾಳಿಯನ್ನು ಮರೆಯಬೇಡಿ

ದೂರದ ಪ್ರಯಾಣಕ್ಕೆ ಬಳಸುವ ಬೋಯಿಂಗ್ 777, 787ರಂತಹ ದೊಡ್ಡ ವಿಮಾನಗಳು ಶಬ್ದದ ವೇಗದ ನೂರಕ್ಕೆ 85ರಷ್ಟರಲ್ಲಿ ಸಾಗುತ್ತವೆ. ಹತ್ತು ಹನ್ನೊಂದು ಕಿಲೋಮೀಟರು ಎತ್ತರದ ಕೊರೆಯುವ ಚಳಿಯಲ್ಲಿ ಶಬ್ದದ ವೇಗವೇ ನೆಲದ ಮೇಲಿಗಿಂತ ಕಡಿಮೆಯಿರುವುದರಿಂದ, ಇದು ಗಂಟೆಗೆ ಸುಮಾರು 900 ಕಿ.ಮೀ. ಆಗುತ್ತದೆ. ಬೆಂಗಳೂರಿಗೋ ಬಜ್ಪೆಗೋ ಹೋಗುವ ಸಣ್ಣ ವಿಮಾನಗಳಿಗೆ 830 ಎಂದು ಹಿಡಿಯಬಹುದು.

ಗಾಳಿಯ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆಗಳು ಹರಿಯುತ್ತವೆ; ಗಂಟೆಗೆ ನೂರರಿಂದ ಇನ್ನೂರು ಕಿ.ಮೀ. ವೇಗ ಅವಕ್ಕೆ ಸಾಮಾನ್ಯ, ಚಳಿಗಾಲದಲ್ಲಿ ಇನ್ನೂ ಬಿರುಸು. ಅಮೆರಿಕಕ್ಕೆ ಹೋಗುವಾಗ ವಿಮಾನ ಈ ಹೊಳೆಗೆ ಎದುರಾಗಿ ಈಜಬೇಕು, ಬರುವಾಗ ಹೊಳೆಯೇ ತಳ್ಳಿಕೊಂಡು ಬರುತ್ತದೆ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವವರಿಗೆ ಊರು ತಾನೇ ಎದುರಿಗೆ ಬರುತ್ತದಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಹಾಗಾಗುವುದಿಲ್ಲ, ಏಕೆಂದರೆ ಭೂಮಿಯ ಜೊತೆಗೆ ಗಾಳಿಯೂ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿರುತ್ತವೆ; ಲೋಕಲ್ ಟ್ರೇನಿನೊಳಗೆ ಎಸೆದ ಚೆಂಡು ಹಿಂದಿನ ಡಬ್ಬಿಗೆ ಹಾರಿಹೋಗದಿರುವಂತೆ.

ಪೈಲಟ್‌ಗಳು ಎದುರುಗಾಳಿಯನ್ನು ತಪ್ಪಿಸಿ ಬಾಲಗಾಳಿಯನ್ನು ಹುಡುಕಿಕೊಂಡು ದಾರಿ ಆರಿಸುವುದರಿಂದ ಪೂರ್ತಿ ಪ್ರಯಾಣಕ್ಕೆ ವೇಗದಲ್ಲಿ ಗಂಟೆಗೆ ಸರಾಸರಿ 40ರಿಂದ 50 ಕಿ.ಮೀ. ವ್ಯತ್ಯಾಸ ಹಿಡಿದರೆ ಸಾಕು. ನ್ಯೂಯಾರ್ಕಿಗೆ ಹೋಗುವಾಗ 13,150ನ್ನು 850ರಿಂದ ಭಾಗಿಸಿ: ಸುಮಾರು ಹದಿನೈದೂವರೆ ಗಂಟೆ. ಬರುವಾಗ 950ರಿಂದ ಭಾಗಿಸಿ: ಹದಿಮೂರು ಗಂಟೆ ಐವತ್ತು ನಿಮಿಷ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ರನ್‌ವೇವರೆಗೆ ತೆವಳುವುದೂ ಇರುತ್ತದೆ. ಅದಕ್ಕೆಲ್ಲ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸೇರಿಸಿ. ಹೋಗಲು ಹದಿನಾರರ ಆಸುಪಾಸು, ಬರಲು ಹದಿನಾಲ್ಕೂವರೆಯ ಒಳಗೆ. ಲಂಡನ್ನಿಗೆ ಹೀಗೆಯೇ ಲೆಕ್ಕ ಮಾಡಿದರೆ ಹೋಗಲು ಒಂಬತ್ತೂವರೆ, ಬರಲು ಎಂಟೂವರೆ ಬರುತ್ತದೆ.

ಹೆಜ್ಜೆ 5: ಟಿಕೆಟಿನ ಮೇಲಿನ ಗಂಟೆಗಳನ್ನು ಓದುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಟಿಕೆಟಿನಲ್ಲಿ ಹೊರಡುವ ಸಮಯ ಮುಂಬಯಿಯ ಗಡಿಯಾರದ್ದು, ತಲುಪುವ ಸಮಯ ಅಲ್ಲಿಯ ಗಡಿಯಾರದ್ದು. ಎರಡನ್ನೂ ನೇರವಾಗಿ ಕಳೆಯುವುದು ರೂಪಾಯಿಯಿಂದ ಡಾಲರನ್ನು ಕಳೆದಂತೆ. ಮೊದಲು ಎರಡನ್ನೂ ನಮ್ಮ ಸಮಯಕ್ಕೆ ತರಬೇಕು.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಭಾರತೀಯ ಸಮಯವನ್ನು 82.5 ಡಿಗ್ರಿಯ ಲೆಕ್ಕಕ್ಕೆ ಗೊತ್ತುಮಾಡಿರುವುದರಿಂದ, ಅದಕ್ಕಿಂತ ಸುಮಾರು 9.7 ಡಿಗ್ರಿ ಪಶ್ಚಿಮಕ್ಕಿರುವ ಮುಂಬಯಿಯ ಸೂರ್ಯ 39 ನಿಮಿಷ ತಡ. ಈ ಊರಿಗೆ ತನ್ನ ಸೂರ್ಯನ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, 1906ರಲ್ಲಿ ಭಾರತೀಯ ಸಮಯ ಜಾರಿಗೆ ಬಂದ ಮೇಲೂ ಅದಕ್ಕಿಂತ 39 ನಿಮಿಷ ಹಿಂದಿನ ‘ಬಾಂಬೆ ಟೈಮ್’ ಇಲ್ಲಿ 1955ರವರೆಗೆ ಉಳಿದುಕೊಂಡಿತ್ತು. ಅಂದಿನ ಪ್ರಯಾಣಿಕರ ಗೊಂದಲವನ್ನು ಊಹಿಸಿದರೆ ನಮ್ಮದು ಏನೂ ಅಲ್ಲ.

ನಾವು ಗಡಿಯಾರವನ್ನು ವರ್ಷವಿಡೀ ಮುಟ್ಟುವುದಿಲ್ಲ, ಅವರು ವರ್ಷಕ್ಕೆ ಎರಡು ಸಲ ತಿರುಗಿಸುತ್ತಾರೆ. ಮಾರ್ಚಿಯ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಹತ್ತೂವರೆ. ಲಂಡನ್ ಮಾರ್ಚಿಯ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಜುಲೈ ತಿಂಗಳ ಒಂದು ಕಲ್ಪಿತ ಟಿಕೆಟನ್ನು ನೋಡಿ: ಮುಂಬಯಿ ಬಿಡುವುದು ರಾತ್ರಿ 2:00, ನ್ಯೂಯಾರ್ಕ್ ಸೇರುವುದು ಅದೇ ತಾರೀಕು ಬೆಳಿಗ್ಗೆ 8:30. ಮೇಲ್ನೋಟಕ್ಕೆ ಆರೂವರೆ ಗಂಟೆ. ತಲುಪುವ ಸಮಯಕ್ಕೆ ಒಂಬತ್ತೂವರೆ ಸೇರಿಸಿದರೆ ಭಾರತದಲ್ಲಿ ಆಗ ಸಂಜೆ 6:00. ಹಾಗಾದರೆ ಪ್ರಯಾಣ ಹದಿನಾರು ಗಂಟೆ. ಹಿಂತಿರುಗುವಾಗ ಅಲ್ಲಿ ಬೆಳಿಗ್ಗೆ 11:00ಕ್ಕೆ ಹೊರಟು ಮರುದಿನ ಬೆಳಿಗ್ಗೆ 10:45ಕ್ಕೆ ಇಳಿದರೆ ಇಪ್ಪತ್ತಮೂರು ಮುಕ್ಕಾಲು ಗಂಟೆ ಕಳೆದಂತೆ ಕಾಣುತ್ತದೆ, ಒಂಬತ್ತೂವರೆ ಕಳೆದರೆ ಉಳಿಯುವುದು ಹದಿನಾಲ್ಕು ಕಾಲು. ಸಮಯದ ಪಕ್ಕದಲ್ಲಿ ಸಣ್ಣದಾಗಿ +1 ಎಂದಿದ್ದರೆ ತಲುಪುವುದು ಮರುದಿನ ಎಂದರ್ಥ.

ಹೀಗೆ ಬಂದ ಸಮಯ ನೆಲದಿಂದ ಎದ್ದು ನೆಲಕ್ಕೆ ತಾಗುವವರೆಗಿನದಲ್ಲ. ಈ ಗೇಟಿನಿಂದ ಕದಲಿ ಆ ಗೇಟಿಗೆ ನಿಲ್ಲುವವರೆಗಿನದು. ಬೆಂಗಳೂರಿಗೆ ದಾರದ ದೂರ ಕೇವಲ 835 ಕಿ.ಮೀ., ಲೆಕ್ಕದಂತೆ ಒಂದು ಗಂಟೆಯ ಮಾತು. ಆದರೂ ಟಿಕೆಟಿನಲ್ಲಿ ಒಂದು ಮುಕ್ಕಾಲು ಗಂಟೆಯ ಆಸುಪಾಸು ಇರುವುದೇಕೆಂದರೆ, ಸಹಾರ್‌ನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಒಮ್ಮೆಗೆ ಒಂದನ್ನೇ ಬಳಸಬೇಕು, ಸರದಿಯಲ್ಲಿ ನಿಲ್ಲುವ ಸಮಯವನ್ನು ಸಂಸ್ಥೆಗಳು ಮೊದಲೇ ಸೇರಿಸಿರುತ್ತವೆ. ಮಳೆಗಾಲದಲ್ಲಿ ಅದೂ ಸಾಲುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು. ದೂರದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 14ನೇ ತಾರೀಕು 01:40 ಎಂದಿದ್ದರೆ 13ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. ನಮ್ಮ ಬಂಧುವೊಬ್ಬರು 14ರ ಸಂಜೆ ಎಲ್ಲರಿಗೂ ನಮಸ್ಕಾರ ಮಾಡಿ, ಕುಂಕುಮ ಇಟ್ಟುಕೊಂಡು, ಎರಡು ಟ್ಯಾಕ್ಸಿಯಲ್ಲಿ ಸಾಮಾನು ಹೇರಿಕೊಂಡು ಹೋದರು. ಅಷ್ಟು ಹೊತ್ತಿಗೆ ಅವರು ಹೋಗಬೇಕಾಗಿದ್ದ ವಿಮಾನ ನ್ಯೂಯಾರ್ಕ್ ಸೇರಿ ಗಂಟೆಗಳೇ ಆಗಿದ್ದವು.

ಹೆಜ್ಜೆ 6: ನಡುವೆ ಇಳಿಯುವುದಾದರೆ

ಒಂದು ಕಡೆ ಇಳಿದು ಹತ್ತುವ ಟಿಕೆಟುಗಳನ್ನು ಹೋಲಿಸುವಾಗ ಮತ್ತೆ ದಾರ ತೆಗೆದುಕೊಳ್ಳಿ. ಮುಂಬಯಿಯಿಂದ ದುಬೈ ಸುಮಾರು 1,930 ಕಿ.ಮೀ., ದುಬೈಯಿಂದ ನ್ಯೂಯಾರ್ಕ್ ಸುಮಾರು 11,000. ಕೂಡಿಸಿದರೆ ನೇರ ದಾರಿಗಿಂತ ನಾನೂರು ಕಿ.ಮೀ. ಮಾತ್ರ ಹೆಚ್ಚು, ಅಂದರೆ ಅರ್ಧ ಗಂಟೆ. ಕೊಲ್ಲಿಯ ಊರುಗಳು ನಮ್ಮ ದಾರಿಯ ಪಕ್ಕದಲ್ಲೇ ಇರುವುದು ಇದರ ಗುಟ್ಟು. ಆದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಸಿಂಗಪುರದ ಮೂಲಕ ಹೋಗುವ ಟಿಕೆಟು ಅಗ್ಗವೆಂದು ಕೊಂಡರೆ 3,900ಕ್ಕೆ 13,600 ಸೇರಿ 17,500 ಕಿ.ಮೀ. ಆಗುತ್ತದೆ, ನೇರಕ್ಕಿಂತ ನಾಲ್ಕು ಸಾವಿರ ಹೆಚ್ಚು, ನಾಲ್ಕೂವರೆ ಗಂಟೆಯ ಹಾರಾಟ ಹೆಚ್ಚು.

ಕಾಯುವ ಸಮಯ ಎರಡು ಗಂಟೆಗಿಂತ ಕಡಿಮೆಯಿರುವ ಟಿಕೆಟನ್ನು ಹಿರಿಯರಿಗೆ ನಾನು ಕೊಡಿಸುವುದಿಲ್ಲ. ಎರಡೂ ವಿಮಾನಗಳು ಒಂದೇ ಟಿಕೆಟಿನಲ್ಲಿದ್ದರೆ ಮೊದಲನೆಯದು ತಡವಾದಾಗ ಮುಂದಿನ ವ್ಯವಸ್ಥೆ ಸಂಸ್ಥೆಯ ಹೊಣೆಯಾಗುತ್ತದೆ, ಬೇರೆ ಬೇರೆಯಾಗಿ ಕೊಂಡಿದ್ದರೆ ನಿಮ್ಮದೇ. ಅಮೆರಿಕದೊಳಗೆ ಮತ್ತೊಂದು ವಿಮಾನ ಹಿಡಿಯಬೇಕಾದವರು ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮೂರು ಗಂಟೆಯಾದರೂ ಬೇಕು.

ಹೆಜ್ಜೆ 7: ಬೀಗದಿಂದ ಸೋಫಾದವರೆಗೆ

ಈಗ ಎಲ್ಲವನ್ನೂ ಒಂದು ಕಾಗದಕ್ಕೆ ಇಳಿಸಿ. ಡೊಂಬಿವಿಲಿಯಿಂದ ಸಹಾರ್‌ಗೆ ಟ್ಯಾಕ್ಸಿಯಲ್ಲಿ ರಾತ್ರಿಯ ಹೊತ್ತಿಗೆ ಒಂದೂವರೆಯಿಂದ ಎರಡು ಗಂಟೆ. ಭೂಗತ ಮೆಟ್ರೋ ಈಗ ಎರಡೂ ಟರ್ಮಿನಲ್ಲುಗಳನ್ನು ಮುಟ್ಟುತ್ತದಾದರೂ ರಾತ್ರಿ ಎರಡರ ವಿಮಾನದಿಂದ ಇಳಿದವರನ್ನು ಮನೆಗೆ ತರಲು ಅದು ಎದ್ದಿರುವುದಿಲ್ಲ. ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಹಾರಾಟ ಹದಿನಾರು. ಅಲ್ಲಿ ಇಮಿಗ್ರೇಷನ್ ಸಾಲು, ಪೆಟ್ಟಿಗೆ ಎಂದು ಒಂದೂವರೆ. ನಿಲ್ದಾಣದಿಂದ ಮಗಳ ಮನೆಗೆ ಒಂದು. ಒಟ್ಟು ಇಪ್ಪತ್ತಮೂರೂವರೆ, ಮಾಟುಂಗಾದಲ್ಲಿ ಪಟ್ಟು ಹಿಡಿದವರ ಇಪ್ಪತ್ತನಾಲ್ಕಕ್ಕೆ ಅರ್ಧ ಗಂಟೆಯಷ್ಟೇ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ರಸ್ತೆಯ ಲೆಕ್ಕಕ್ಕೆ ಇನ್ನೂ ಒಂದು ಗಂಟೆ ಸೇರಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಿಲ್ದಾಣವೇ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಕಾಗದ ತುಂಬಾ ಮುಖ್ಯ. “ರಾತ್ರಿ ಊಟದ ನಂತರ” ಎಂಬ ಸೂಚನೆ ಐಸ್‌ಲ್ಯಾಂಡಿನ ಮೇಲೆ ಅರ್ಥ ಕಳೆದುಕೊಳ್ಳುತ್ತದೆ, ಎರಡು ಡೋಸುಗಳ ನಡುವೆ ಎಷ್ಟು ಗಂಟೆ ಎಂಬುದಷ್ಟೇ ಉಳಿಯುತ್ತದೆ. ಹೊರಡುವ ವಾರ ಮೊದಲು ಈ ಕಾಗದವನ್ನೇ ವೈದ್ಯರಿಗೆ ತೋರಿಸಿ, ಯಾವ ಮಾತ್ರೆ ಎಷ್ಟನೇ ಗಂಟೆಗೆ ಎಂದು ಅದರ ಪಕ್ಕದಲ್ಲೇ ಬರೆಸಿಕೊಳ್ಳಿ. ಮೊಬೈಲು ಇಳಿದ ಕೂಡಲೇ ತಾನಾಗಿ ಅಲ್ಲಿಯ ಸಮಯಕ್ಕೆ ಬದಲಾಗುವುದರಿಂದ, ಕೈಗಡಿಯಾರವನ್ನು ಮಗಳ ಮನೆ ಸೇರುವವರೆಗೆ ಮುಂಬಯಿಯ ಸಮಯದಲ್ಲೇ ಇರಗೊಡಿ.